ಲಾಭ ಪುಸ್ತಕದಾಗ, ರೊಕ್ಕ ಊರಾಗ

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯ ದಿನಗಳಲ್ಲಿ ಊರು ಇನ್ನೂ ದೂರ ಇರುವಾಗಲೇ ಗಂಟಲು ಕೆರೆಯಲು ಶುರುವಾಗುತ್ತದೆ. ಆ ಘಾಟಿನಲ್ಲೇ ನಮ್ಮ ಬದುಕು. ನಾನೂ ನಮ್ಮ ಮನೆಯವರೂ ಸೇರಿ ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಖಾರದ ಪುಡಿ, ಮಸಾಲೆ ಪುಡಿಯ ಸಣ್ಣ ಘಟಕ ನಡೆಸುತ್ತಿದ್ದೇವೆ. ‘ನಾವೂ ಏನಾದರೂ ಸ್ವಂತದ್ದು ಶುರು ಮಾಡಬೇಕು’ ಎಂದು ಆಗಾಗ ಯಾರಾದರೂ ನಮ್ಮ ಅಂಗಳಕ್ಕೆ ಬರುತ್ತಾರೆ. ಯಾವ ಮಷಿನ್ ಒಳ್ಳೆಯದು, ಯಾವ ಬ್ಯಾಂಕು ಬೇಗ ಸಾಲ ಕೊಡುತ್ತದೆ ಎಂದು ಕೇಳುತ್ತಾರೆ. ಅವರು ಕೇಳುವ ಪ್ರಶ್ನೆಗಿಂತ, ಕೇಳದೆ ನಂಬಿಕೊಂಡು ಬಂದಿರುವ ಮಾತುಗಳೇ ನನಗೆ ಭಯ ಹುಟ್ಟಿಸುತ್ತವೆ. ಅವುಗಳಲ್ಲಿ ಬಹಳಷ್ಟನ್ನು ನಾವೂ ನಂಬಿದ್ದೆವು. ಒಂದೊಂದನ್ನು ಬಿಡುವುದಕ್ಕೂ ರೊಕ್ಕ ತೆತ್ತಿದ್ದೇವೆ.

ತಪ್ಪು ಕಲ್ಪನೆ: “ಮನೆಯವರೇ ದುಡಿದರೆ ಖರ್ಚೇನೂ ಇಲ್ಲ, ಬಂದದ್ದೆಲ್ಲ ಲಾಭ.”

ವಾಸ್ತವ: ನಮ್ಮ ಮೊದಲ ಲೆಕ್ಕ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿತ್ತು. ಕಾಯಿ ಕಿಲೋಗೆ 250 ರೂಪಾಯಿ, ಕುಟ್ಟಿಸುವುದಕ್ಕೆ 15, ಪ್ಯಾಕೆಟ್ಟಿಗೆ 10, ಒಟ್ಟು 275. ಅಂಗಡಿಗೆ 320ಕ್ಕೆ ಕೊಟ್ಟರೆ ಕಿಲೋಗೆ 45 ರೂಪಾಯಿ ಉಳಿಯುತ್ತದೆ. ಆ ಸಂಖ್ಯೆಯ ಸುತ್ತ ನಮ್ಮ ಮನೆಯವರು ಪೆನ್ನಿನಿಂದ ಎರಡು ಸಲ ದುಂಡಗೆ ಗೆರೆ ಎಳೆದಿದ್ದರು.

ಮೂರು ತಿಂಗಳಾದ ಮೇಲೆ ಒಂದು ದಿನ ಕುಳಿತು ತೂಗಿದೆವು. 100 ಕಿಲೋ ಕಾಯಿ ತಂದು, ಬಿಸಿಲಿಗೆ ಹರವಿ, ತೊಟ್ಟು ಮುರಿದು, ಬಣ್ಣಗೆಟ್ಟ ಕಾಯಿ ಆರಿಸಿ ತೆಗೆದು, ಕುಟ್ಟಿ, ಜರಡಿ ಹಿಡಿದಾಗ ತಕ್ಕಡಿಯ ಮೇಲೆ ಉಳಿದದ್ದು 86 ಕಿಲೋ ಪುಡಿ. 25,000 ರೂಪಾಯಿಯನ್ನು 86ರಿಂದ ಭಾಗಿಸಿದರೆ ಪುಡಿಯಲ್ಲಿರುವ ಕಾಯಿಯ ಬೆಲೆಯೇ ಕಿಲೋಗೆ 290 ದಾಟಿತು. ಕುಟ್ಟಿಸಿದ್ದು, ಪ್ಯಾಕೆಟ್ಟು ಸೇರಿಸಿದರೆ 315. ತೊಟ್ಟು ಮುರಿಯಲು ಬಂದ ಹೆಣ್ಣುಮಕ್ಕಳ ಕೂಲಿ ಕಿಲೋಗೆ 12 ಬಿದ್ದಿತ್ತು, ಅಲ್ಲಿಗೆ 327. ನಾವು ಮಾರುತ್ತಿದ್ದದ್ದು 320ಕ್ಕೆ. ಮೂರು ತಿಂಗಳು ಮಾರಿದಷ್ಟೂ ಕಳೆದುಕೊಂಡಿದ್ದೆವು. ಕರೆಂಟು, ಟೆಂಪೋ ಬಾಡಿಗೆ, ಹರಿದ ಪ್ಯಾಕೆಟ್ಟು ಇನ್ನೂ ಲೆಕ್ಕಕ್ಕೆ ಬಂದಿರಲಿಲ್ಲ. ನಮ್ಮಿಬ್ಬರ ದುಡಿಮೆಯಂತೂ ಎಲ್ಲಿಯೂ ಇರಲಿಲ್ಲ.

ಮನೆಯಲ್ಲಿ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಚಕ್ಕಲಿ ಕರಿದು ಮಾರುವ ಹೆಣ್ಣುಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ಹಿಟ್ಟು, ಎಣ್ಣೆ, ಉಪ್ಪು, ಖಾರ ಇಷ್ಟನ್ನೇ ಹಿಡಿದು ದರ ಕಟ್ಟುತ್ತಾರೆ. ಬೆಳಗಿನ ಐದು ಗಂಟೆಯಿಂದ ಒಲೆಯ ಮುಂದೆ ಕುಳಿತ ಮೈಗೆ ಕೂಲಿಯೇ ಇಲ್ಲ. ಇದು ನನಗೆ ತಡೆಯಲಾಗದ ಸಂಕಟ. ನಿಮ್ಮ ಜಾಗದಲ್ಲಿ ಬೇರೊಬ್ಬರನ್ನು ಕೂರಿಸಿದರೆ ದಿನಕ್ಕೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟನ್ನು ಖರ್ಚಿನ ಸಾಲಿನಲ್ಲಿ ಬರೆಯಿರಿ. ಬರೆದ ಮೇಲೂ ಉಳಿದರೆ ಅದು ಲಾಭ. ಉಳಿಯದಿದ್ದರೆ ದರ ಏರಿಸಬೇಕು, ಇಲ್ಲವೇ ಆ ಪದಾರ್ಥ ಬಿಡಬೇಕು. ದರ ಹೇಳುವಾಗ ನಾಚಿಕೆ ಬೇಡ.

ತಪ್ಪು ಕಲ್ಪನೆ: “ವ್ಯಾಪಾರ ಜೋರಾದರೆ ರೊಕ್ಕ ತಾನಾಗಿ ಬರುತ್ತದೆ.”

ವಾಸ್ತವ: ನನ್ನ ಪ್ರಕಾರ ಹೊಸಬರನ್ನು ಹೆಚ್ಚಾಗಿ ಮುಳುಗಿಸುವುದು ಈ ಒಂದು ನಂಬಿಕೆ. ವ್ಯಾಪಾರ ಇಲ್ಲದೆ ಮುಚ್ಚಿದವರಿಗಿಂತ, ವ್ಯಾಪಾರ ಏರುತ್ತಿರುವಾಗಲೇ ಮುಚ್ಚಿದವರನ್ನು ನಾನು ಹೆಚ್ಚು ಕಂಡಿದ್ದೇನೆ.

ಸುಲಭದ ಅಂಕಿ ಇಟ್ಟುಕೊಂಡು ನೋಡೋಣ. ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡಿ ಒಂದೂಕಾಲು ಲಕ್ಷದ ಮಾಲು ಮಾರುತ್ತೀರಿ. ಅಂಗಡಿಯವರು ಎರಡು ತಿಂಗಳಿಗೆ ರೊಕ್ಕ ಕೊಡುತ್ತಾರೆ. ಮೊದಲ ತಿಂಗಳು ಒಂದು ಲಕ್ಷ ಹೋಯಿತು, ಬಂದದ್ದೇನೂ ಇಲ್ಲ. ಎರಡನೆಯ ತಿಂಗಳು ಇನ್ನೊಂದು ಲಕ್ಷ. ಮೂರನೆಯ ತಿಂಗಳಿಗೆ ಮೊದಲ ಬಿಲ್ಲಿನ ಒಂದೂಕಾಲು ಲಕ್ಷ ಕೈಗೆ ಬಂತು. ಅದೇ ಹೊತ್ತಿಗೆ ನಿಮ್ಮ ಪುಡಿಗೆ ಹೆಸರು ಬಂದು ಆರ್ಡರು ದುಪ್ಪಟ್ಟಾಯಿತು ಅನ್ನಿ. ಮೂರು ಮತ್ತು ನಾಲ್ಕನೆಯ ತಿಂಗಳಲ್ಲಿ ಎರಡೆರಡು ಲಕ್ಷ ಸುರಿಯಬೇಕು, ಬರುವುದು ಹಳೆಯ ಬಿಲ್ಲಿನ ಒಂದೂಕಾಲು ಲಕ್ಷವೇ. ನಾಲ್ಕು ತಿಂಗಳಲ್ಲಿ ಹೋದದ್ದು ಆರು ಲಕ್ಷ, ಬಂದದ್ದು ಎರಡೂವರೆ. ಪುಸ್ತಕದಲ್ಲಿ ಒಂದೂವರೆ ಲಕ್ಷ ಲಾಭ ಕಾಣುತ್ತದೆ, ಕೈಯಲ್ಲಿ ಮೂರೂವರೆ ಲಕ್ಷದ ಗುಂಡಿ ಬಿದ್ದಿರುತ್ತದೆ. ನಿಮ್ಮ ಐದು ಲಕ್ಷ ಅಂಗಡಿಗಳಲ್ಲಿ ಕುಳಿತಿದೆ. ಆ ಗುಂಡಿ ತುಂಬಲು ಮೊದಲು ಹೋಗುವುದು ಕೊರಳಿನ ಬಂಗಾರ, ಆಮೇಲೆ ಬರುವುದು ಮೀಟರ್ ಬಡ್ಡಿ.

ನಮ್ಮೂರ ಹಿರಿಯ ಕಿರಾಣಿ ವ್ಯಾಪಾರಿಯೊಬ್ಬರು ಒಂದು ದಿನ ನನ್ನ ಲೆಕ್ಕದ ಪುಸ್ತಕ ತಿರುವಿ ನೋಡಿ ಹೇಳಿದ್ದರು: “ತಂಗೀ, ನಿನ್ನ ಲಾಭ ಪುಸ್ತಕದಾಗ ಐತಿ, ರೊಕ್ಕ ಊರಾಗ ಐತಿ. ಊರಾಗಿನ ರೊಕ್ಕ ಮನೀಗೆ ಬರೂತನ ಅದನ್ನ ಲಾಭ ಅನಬ್ಯಾಡ.” ಆ ಹೊತ್ತಿಗೆ ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಯಿಂದ ನಮಗೆ ಏಳು ತಿಂಗಳ ಬಾಕಿ ಬರಬೇಕಿತ್ತು. ಪ್ರತಿ ಸಲ ಹೋದಾಗಲೂ ಚಹಾ ಕುಡಿಸಿ, ಹೊಸ ಆರ್ಡರು ಬರೆದು ಕಳುಹಿಸುತ್ತಿದ್ದರು. ಹೊಸ ಆರ್ಡರಿನ ಖುಷಿಯಲ್ಲಿ ಹಳೆಯ ಬಾಕಿ ಕೇಳುವುದು ನಮಗೆ ಮರೆತೇ ಹೋಗುತ್ತಿತ್ತು.

ಉದ್ದರಿ ಕೊಡದೆ ನಮ್ಮ ಕಡೆ ಕಿರಾಣಿ ವ್ಯಾಪಾರ ಇಲ್ಲ, ಅದು ನಿಜ. ಆದರೆ ಕೊಡುವುದಕ್ಕೂ ಒಂದು ಹದ ಇದೆ. ಪ್ರತಿ ಅಂಗಡಿಗೂ ಇಷ್ಟೇ ಸಾವಿರ ಎಂದು ಮಿತಿ ಹಾಕಿದೆವು. ಹಳೆಯ ಬಿಲ್ಲು ತೀರಿದ ಮೇಲೆಯೇ ಹೊಸ ಮಾಲು ಎಂದೆವು. ನಾಲ್ಕು ಅಂಗಡಿಯವರು ಬಿಟ್ಟುಹೋದರು, ಉಳಿದವರು ಉಳಿದರು. ಬಿಟ್ಟುಹೋದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕೊಡುವ ಶಕ್ತಿ ನಮಗಿರಲಿಲ್ಲ, ಅಷ್ಟೆ.

ದೊಡ್ಡ ಅಂಗಡಿ, ಕಂಪನಿಗಳ ಬಾಕಿಗೆ ಕಾನೂನಿನ ಬಲವೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಮಾಲು ಪಡೆದವರು ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಕಾಗದದಲ್ಲಿ 90 ದಿನ ಎಂದು ಬರೆಸಿಕೊಂಡರೂ ಅದು ನಡೆಯುವುದಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ ಕೊಡಬೇಕು. ದೂರು ಕೊಡಲು 2017ರಿಂದ ‘ಸಮಾಧಾನ್’ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯ ನಿಯಮವೂ ಜೊತೆಗೂಡಿದೆ: ಈ ಗಡುವಿನೊಳಗೆ ಕೊಡದ ಮೊತ್ತವನ್ನು ಕೊಂಡವರು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲ. ಮಾಲು ಕೊಡುವ ಮುಂಚೆಯೇ ‘ಉದ್ಯಮ್’ ನೋಂದಣಿ ಆಗಿರಲಿ, ಆ ಸಂಖ್ಯೆ ಬಿಲ್ಲಿನ ಮೇಲೆ ಅಚ್ಚಾಗಿರಲಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿಗೆ ಸರ್ಕಾರದ ಜಾಲತಾಣದಲ್ಲಿ ಒಂದು ಪೈಸೆಯೂ ಇಲ್ಲ. ಸರ್ಕಾರದ್ದೆಂಬಂತೆ ಕಾಣುವ ಬೇರೆ ತಾಣಗಳಲ್ಲಿ ಸಾವಿರಾರು ರೂಪಾಯಿ ಕಟ್ಟಿ ಬಂದವರನ್ನು ನೋಡಿ ಹೊಟ್ಟೆ ಉರಿದಿದೆ.

ಹುಬ್ಬಳ್ಳಿಯ ಆ ಅಂಗಡಿಗೆ ಕಾಯ್ದೆಯ ಸಾಲುಗಳನ್ನು ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಹಾಕಿದೆವು. ದೂರಿನ ತನಕ ಹೋಗಬೇಕಾಗಲಿಲ್ಲ. ಮೂರು ಕಂತಿನಲ್ಲಿ ಹಣ ಬಂತು.

ತಪ್ಪು ಕಲ್ಪನೆ: “ಸಬ್ಸಿಡಿ ಅಂದರೆ ಸರ್ಕಾರ ಪುಕ್ಕಟೆ ಕೊಡುವ ಹಣ.”

ವಾಸ್ತವ: ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆಯನ್ನೇ ನೋಡಿ. ಹಳ್ಳಿಯ ಮಹಿಳೆಯೊಬ್ಬರು 10 ಲಕ್ಷದ ಘಟಕ ಹಾಕುತ್ತಾರೆ. ಕೈಯಿಂದ ಶೇ 5, ಅಂದರೆ 50 ಸಾವಿರ ಹಾಕಬೇಕು. ಉಳಿದ ಒಂಬತ್ತೂವರೆ ಲಕ್ಷ ಬ್ಯಾಂಕಿನ ಸಾಲ. ಸಬ್ಸಿಡಿ ಶೇ 35, ಅಂದರೆ ಮೂರೂವರೆ ಲಕ್ಷ. ಆದರೆ ಅದು ಅವರ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ. ಮೂರು ವರ್ಷ ಘಟಕ ನಡೆದಿದೆ ಎಂದು ತಪಾಸಣೆಯಲ್ಲಿ ಖಾತ್ರಿಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ನಡುವೆ ಘಟಕ ನಿಂತುಹೋದರೆ ಆ ಹಣ ಹಿಂದಕ್ಕೆ ಹೋಗುತ್ತದೆ, ಸಾಲ ಪೂರ್ತಿ ನಿಮ್ಮ ತಲೆಯ ಮೇಲೆ ಉಳಿಯುತ್ತದೆ.

ಸಬ್ಸಿಡಿ ಬೇಡ ಎನ್ನುತ್ತಿಲ್ಲ. ನಮ್ಮ ಬಡ್ಡಿಯ ಭಾರ ಇಳಿದದ್ದು ಅದರಿಂದಲೇ. ಆದರೆ ಸಬ್ಸಿಡಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಗೊತ್ತಿಲ್ಲದ ಉದ್ಯೋಗಕ್ಕೆ ಕೈಹಾಕಬೇಡಿ. ‘ನಾವು ಮಾಡಿಸಿಕೊಡುತ್ತೇವೆ, ಶೇಕಡ ಇಷ್ಟು ಕೊಡಿ’ ಎನ್ನುವವರ ಹತ್ತಿರ ಹೋಗಬೇಡಿ. ಯೋಜನೆಗಳ ಅವಧಿ, ಮೊತ್ತ ಬದಲಾಗುತ್ತಿರುತ್ತವೆ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನೇರವಾಗಿ ಹೋಗಿ ಕೇಳಿ. ಮುದ್ರಾ ಯೋಜನೆಯಲ್ಲಿ ಸಬ್ಸಿಡಿಯೇ ಇಲ್ಲ. ಅದು ಪೂರ್ತಿ ಸಾಲ, ಪೂರ್ತಿ ತೀರಿಸಬೇಕು.

ತಪ್ಪು ಕಲ್ಪನೆ: “ಹೊಲ, ಮನೆ ಅಡವಿಡದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ.”

ವಾಸ್ತವ: ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯ 10 ಲಕ್ಷದವರೆಗಿನ ಸಾಲಕ್ಕೆ ಅಡವು ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿ ಎಷ್ಟೋ ವರ್ಷವಾಯಿತು. ಅದಕ್ಕಿಂತ ದೊಡ್ಡ ಸಾಲಕ್ಕೂ 2000ದಲ್ಲಿ ಆರಂಭವಾದ ಸಾಲ ಖಾತರಿ ನಿಧಿಯ ಆಸರೆ ಇದೆ. ನಿಜವಾದ ತೊಡಕು ಬೇರೆ ಕಡೆ ಇರುತ್ತದೆ. ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿ, ಅವನು ಕಂತು ಕಟ್ಟದೆ, ನಿಮ್ಮ ಸಿಬಿಲ್ ಅಂಕ ಬಿದ್ದಿರುತ್ತದೆ. ಬ್ಯಾಂಕಿಗೆ ಹೋಗುವ ಮುಂಚೆ ಅದನ್ನು ನೋಡಿಕೊಳ್ಳಿ.

ತಪ್ಪು ಕಲ್ಪನೆ: “ಫೋನ್‌ನಲ್ಲಿ ಹಣ ತೆಗೆದುಕೊಂಡರೆ ಟ್ಯಾಕ್ಸ್ ಬೀಳುತ್ತದೆ, ನಗದು ಆದರೆ ಇಲ್ಲ.”

ವಾಸ್ತವ: 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸು ಬಂದಾಗ, ಬೇಕರಿ, ಚಹಾದಂಗಡಿ, ಕಾಂಡಿಮೆಂಟ್ಸ್‌ಗಳ ಮುಂದೆ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿಸಿದ್ದನ್ನು ಎಲ್ಲರೂ ಕಂಡೆವು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ತೆರಿಗೆ ಬೀಳುವುದು ಹಣ ಬಂದ ದಾರಿಯ ಮೇಲಲ್ಲ, ವರ್ಷದ ವಹಿವಾಟಿನ ಮೇಲೆ. ಕರ್ನಾಟಕದಲ್ಲಿ ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಗದಾದರೂ ಅಷ್ಟೆ, ಫೋನಾದರೂ ಅಷ್ಟೆ. ಬರೀ ಹಾಲು, ತಾಜಾ ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ವಸ್ತು ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ಒಂದೂವರೆ ಕೋಟಿವರೆಗಿನ ವಹಿವಾಟಿನ ತಯಾರಕರು, ವ್ಯಾಪಾರಿಗಳು ಕಂಪೋಸಿಷನ್ ಪದ್ಧತಿಯಲ್ಲಿ ಶೇ 1ರಷ್ಟು ಕಟ್ಟಬಹುದು, ಆದರೆ ಹೊರರಾಜ್ಯಕ್ಕೆ ಮಾರುವಂತಿಲ್ಲ.

ನಮ್ಮಂಥ ಗಡಿಗೆ ಹತ್ತಿರದವರು ಎಡವುವುದು ಇಲ್ಲೇ. ನಮ್ಮ ಪುಡಿಗೆ ಗೋವಾದಿಂದ, ಕೊಲ್ಹಾಪುರದಿಂದ ಬೇಡಿಕೆ ಬರುತ್ತದೆ. ಇಂಥ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ, ಮೊದಲ ಚೀಲಕ್ಕೇ ನೋಂದಣಿ ಬೇಕು. ಇನ್ನೊಂದು ಮಾತು. ಬ್ಯಾಂಕಿನಲ್ಲಿ, ಫೋನಿನಲ್ಲಿ ಕಾಣುವ ವಹಿವಾಟೇ ನಾಳೆ ಸಾಲ ಕೇಳಲು ಹೋದಾಗ ನಿಮ್ಮ ಪರ ಸಾಕ್ಷಿ ಹೇಳುವುದು. ಮನೆಯ ಖಾತೆ, ವ್ಯಾಪಾರದ ಖಾತೆ ಬೇರೆ ಬೇರೆ ಇರಲಿ. ಮಗಳ ಮದುವೆಗೆ ಬಂದ ಹಣವೂ ಪುಡಿ ಮಾರಿದ ಹಣವೂ ಒಂದೇ ಖಾತೆಯಲ್ಲಿದ್ದರೆ ಆಮೇಲೆ ಬಿಡಿಸಿ ಹೇಳುವುದು ಕಷ್ಟ.

ತಪ್ಪು ಕಲ್ಪನೆ: “ಮಾಲು ಚೊಲೋ ಇದ್ದರೆ ಸಾಕು, ತಾನೇ ಮಾರಾಟವಾಗುತ್ತದೆ.”

ವಾಸ್ತವ: ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರ ಗುಣ ಬಣ್ಣದಲ್ಲಿದೆ, ಖಾರ ಕಡಿಮೆ. ನಾವು ಡಬ್ಬಿ ತಳಿಯ ಒಳ್ಳೆಯ ಕಾಯಿಯನ್ನೇ ಕುಟ್ಟಿ, ಏನೂ ಬೆರೆಸದೆ ಕೊಟ್ಟೆವು. ಗಿರಾಕಿಗಳು ತಂದು ಹಿಂದಿರುಗಿಸಿದರು: “ಇದರಾಗ ಖಾರನ ಇಲ್ಲಲ್ರೀ ಅಕ್ಕಾರ!” ನಮಗೆ ಯಾವುದು ಶ್ರೇಷ್ಠವೋ ಅದು ಅವರ ಸಾರಿಗೆ ಹೊಂದಲಿಲ್ಲ. ಈಗ ಗುಂಟೂರಿನ ಕಾಯಿ ಹದವಾಗಿ ಸೇರಿಸಿ, ಎರಡು ಬಗೆ ಮಾಡಿ, ಅದನ್ನು ಪ್ಯಾಕೆಟ್ಟಿನ ಮೇಲೆಯೇ ಬರೆದು ಮಾರುತ್ತೇವೆ.

ಒಂದು ಬೇಸಿಗೆಯಲ್ಲಿ ಒಂದೇ ಅಂಗಡಿಯಿಂದ 47 ಪ್ಯಾಕೆಟ್ ವಾಪಸ್ ಬಂದವು. ತೆರೆದು ನೋಡಿದರೆ ಕೆಂಪು ಪುಡಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಂಗಡಿಯವರು ಪಾರದರ್ಶಕ ಪ್ಯಾಕೆಟ್ಟಿನ ಸರವನ್ನು ಬಾಗಿಲಿಗೆ ತೂಗುಹಾಕಿದ್ದರು, ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ. ಮೆಣಸಿನ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಮಾಲಿನಲ್ಲಿ ತಪ್ಪಿರಲಿಲ್ಲ, ಪ್ಯಾಕೆಟ್ಟಿನಲ್ಲಿತ್ತು. ಬೆಳಕು ಹಾಯದ ಪ್ಯಾಕೆಟ್ ಮಾಡಿಸಿದೆವು. ಮಾಲು ಚೊಲೋ ಇರಲೇಬೇಕು. ಅದು ಅಂಗಡಿಯ ಯಾವ ಮೂಲೆಯಲ್ಲಿ, ಎಷ್ಟು ದಿನ, ಯಾವ ಬಿಸಿಲಿನಲ್ಲಿ ಇರುತ್ತದೆ ಎಂಬುದನ್ನೂ ಹೋಗಿ ಕಣ್ಣಾರೆ ನೋಡಬೇಕು.

ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ನೋಂದಣಿ ಬೇಕು, ಅದರ 14 ಅಂಕಿಯ ಸಂಖ್ಯೆ ಪ್ಯಾಕೆಟ್ಟಿನ ಮೇಲಿರಬೇಕು. ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ತಿಂಗಳು, ವಿಳಾಸ, ದೂರಿಗೆ ಫೋನ್ ಸಂಖ್ಯೆ ಇವೂ ಕಡ್ಡಾಯ. ‘ಮನೆ ಅಡುಗೆಗೆ ಇದೆಲ್ಲ ಯಾಕೆ’ ಎನ್ನುವ ಮಾತು ದಂಡ ಕಟ್ಟುವ ದಿನದವರೆಗೆ ಮಾತ್ರ.

ತಪ್ಪು ಕಲ್ಪನೆ: “ಹೆಸರಿಟ್ಟು ಬೋರ್ಡು ಹಾಕಿದರೆ ಆ ಹೆಸರು ನಮ್ಮದೇ.”

ವಾಸ್ತವ: ಜಿಎಸ್‌ಟಿಯಲ್ಲಿ, ಉದ್ಯಮ್‌ನಲ್ಲಿ ಬರೆಸಿದ ಮಾತ್ರಕ್ಕೆ ಹೆಸರಿನ ಮೇಲೆ ಹಕ್ಕು ಬರುವುದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ನೋಂದಣಿಯೇ ಬೇಕು. ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು. ಸಾವಿರಾರು ಪ್ಯಾಕೆಟ್ ಅಚ್ಚು ಹಾಕಿಸುವ ಮುಂಚೆ ಅದೇ ಹೆಸರಲ್ಲಿ ಬೇರೆಯವರಿದ್ದಾರೆಯೇ ಎಂದು ಆ ಇಲಾಖೆಯ ತಾಣದಲ್ಲಿ ಹುಡುಕಿ. ಹುಡುಕಲು ಖರ್ಚಿಲ್ಲ.

ತಪ್ಪು ಕಲ್ಪನೆ: “ಸುಗ್ಗಿಯಲ್ಲಿ ಸಾಲ ಮಾಡಿಯಾದರೂ ಮಾಲು ತುಂಬಿಸಿಟ್ಟರೆ ಗೆದ್ದ ಹಾಗೆ.”

ವಾಸ್ತವ: ಹೊಸ ಕಾಯಿ ಬರುವುದು ವರ್ಷದ ಕೆಲವೇ ತಿಂಗಳು. ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡಲೇಬೇಕು. ಆದರೆ 2024ರ ಮಾರ್ಚ್‌ನಲ್ಲಿ ದರ ಕುಸಿದು, ಸಂಕಟಕ್ಕೆ ಸಿಕ್ಕ ರೈತರ ಸಿಟ್ಟು ಬ್ಯಾಡಗಿಯ ಮಾರುಕಟ್ಟೆ ಕಚೇರಿಗೆ ಬೆಂಕಿ ಬೀಳುವಷ್ಟಕ್ಕೆ ಹೋಯಿತು. ಬೆಳೆದವರಿಗೆ ಬಂದ ಕಷ್ಟದ ಮುಂದೆ ನಮ್ಮದು ಸಣ್ಣದು. ಆದರೂ ಹಿಂದಿನ ಏರುದರದಲ್ಲಿ ಸಾಲದ ಮೇಲೆ ಚೀಲ ತುಂಬಿಸಿಟ್ಟಿದ್ದ ನಮ್ಮಂಥವರು ಬಡ್ಡಿಯನ್ನೂ ಬಾಡಿಗೆಯನ್ನೂ ಕಟ್ಟಿ, ಕೊಂಡದ್ದಕ್ಕಿಂತ ಕಡಿಮೆಗೆ ಮಾರಿದೆವು. ಈಗ ಎಲ್ಲವನ್ನೂ ಒಂದೇ ವಾರದಲ್ಲಿ ಕೊಳ್ಳುವುದಿಲ್ಲ. ಸುಗ್ಗಿಯುದ್ದಕ್ಕೂ ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ ಕೊಳ್ಳುತ್ತೇವೆ.

ತಪ್ಪು ಕಲ್ಪನೆ: “ನಾಲ್ಕು ದಿನದ ತರಬೇತಿಯಿಂದ ಏನು ಬಂದೀತು?”

ವಾಸ್ತವ: ಬರುತ್ತದೆ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಸಮೇತ ಉಚಿತವಾಗಿ ಗ್ರಾಮೀಣ ಯುವಕ ಯುವತಿಯರಿಗೆ ಸ್ವಉದ್ಯೋಗ ಕಲಿಸಿತು. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಕೇಂದ್ರಗಳು ಈಗ ಜಿಲ್ಲೆ ಜಿಲ್ಲೆಯಲ್ಲಿವೆ. ಧಾರವಾಡದಲ್ಲಿ ಉದ್ಯಮಶೀಲತೆಯ ತರಬೇತಿ ಕೊಡುವ ಸಿಡಾಕ್ ಕೇಂದ್ರ ಇದೆ. ಮೇಲಿನ 86 ಕಿಲೋದ ಲೆಕ್ಕ ನಾನು ಕಲಿತದ್ದು ಇಂಥ ಒಂದು ತರಬೇತಿಯ ಮೂರನೆಯ ದಿನ. ಮೂರು ತಿಂಗಳು ಮುಂಚೆ ಹೋಗಬೇಕಿತ್ತು.

ತಪ್ಪು ಕಲ್ಪನೆ: “ಮುಚ್ಚಿದರೆ ಮರ್ಯಾದೆ ಹೋಯಿತು.”

ವಾಸ್ತವ: ಮರ್ಯಾದೆಗೆ ಅಂಜಿ, ನಡೆಯದ ಘಟಕವನ್ನು ಇನ್ನೆರಡು ವರ್ಷ ಎಳೆದು, ಹೊಲ ಮಾರಿದ ಸಂಸಾರಗಳನ್ನು ಕಂಡಿದ್ದೇನೆ. ನಮ್ಮ ಗೆಳತಿಯೊಬ್ಬರು ಬೇಕರಿ ತೆರೆದು ಹದಿನಾಲ್ಕು ತಿಂಗಳಿಗೆ ಮುಚ್ಚಿದರು. ಓವನ್ ಮಾರಿ ಬ್ಯಾಂಕಿಗೆ ಕಟ್ಟಿದರು, ಉಳಿದ ಸಾಲಕ್ಕೆ ಕಂತು ಮಾಡಿಸಿಕೊಂಡರು. ಈಗ ಮದುವೆ ಮನೆಗಳಿಗೆ ಹೋಳಿಗೆ, ಕಡಬು ಮಾಡಿಕೊಡುತ್ತಾರೆ. ಅರ್ಧ ಮುಂಗಡ, ಉಳಿದದ್ದು ಮಾಲು ಕೊಡುವಾಗ. ಉದ್ದರಿ ಇಲ್ಲ.

ಹೊಸದಾಗಿ ಇಳಿಯುವವರಿದ್ದರೆ, ಮನೆಯ ಆರು ತಿಂಗಳ ಖರ್ಚನ್ನು ಮೊದಲು ಬೇರೆ ತೆಗೆದಿಡಿ; ಅದನ್ನು ವ್ಯಾಪಾರಕ್ಕೆ ಮುಟ್ಟಬೇಡಿ. ಈಗಾಗಲೇ ಇಳಿದವರಾದರೆ, ಇವತ್ತು ರಾತ್ರಿ ಊಟವಾದ ಮೇಲೆ ಉದ್ದರಿ ಪುಸ್ತಕ ತೆಗೆಯಿರಿ. 45 ದಿನ ದಾಟಿದ ಹೆಸರುಗಳ ಕೆಳಗೆ ಗೆರೆ ಎಳೆದು ಮೊತ್ತ ಕೂಡಿಸಿ. ನಾಳೆ ಬೆಳಿಗ್ಗೆ ಮೊದಲ ಫೋನು ಅವರಿಗೇ ಹೋಗಲಿ.